ಪ್ಲಾಸ್ಮಾದ ಡಿಎನ್‌ಎ: ಎಷ್ಟಿದೆ ಎಂದು ಕೇಳುವ ಮೊದಲು ಎಷ್ಟುದ್ದವಿದೆ ಎಂದು ನೋಡಿ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಸತ್ತ ಜೀವಕೋಶಗಳ ಡಿಎನ್‌ಎ ಚೂರುಗಳು ರಕ್ತದ ಪ್ಲಾಸ್ಮಾದಲ್ಲಿ ತೇಲುತ್ತಿರುತ್ತವೆ. ಪ್ರಯೋಗಾಲಯದವರ ಬಾಯಲ್ಲಿ ಇದು ಸಿಎಫ್‌ಡಿಎನ್‌ಎ, ಅಂದರೆ ಸೆಲ್‌ ಫ್ರೀ (ಕೋಶದ ಹೊರಗಿನ) ಡಿಎನ್‌ಎ. ಗರ್ಭಿಣಿಯರ ರಕ್ತದಿಂದ ಮಾಡುವ ತಳಿಪರೀಕ್ಷೆಗೂ ರಕ್ತದಲ್ಲೇ ಗೆಡ್ಡೆಯ ಸುಳಿವು ಹುಡುಕುವ ಕ್ಯಾನ್ಸರ್ ರೋಗಿಗಳ ಲಿಕ್ವಿಡ್ ಬಯಾಪ್ಸಿಗೂ ಇದೇ ಸರಕು. ಇದರ ಉದ್ದವನ್ನು ಎಣಿಸುವುದು ಬೇಸ್ ಪೇರ್‌ಗಳಲ್ಲಿ, ಅಂದರೆ ಡಿಎನ್‌ಎ ಏಣಿಯ ಮೆಟ್ಟಿಲುಗಳಲ್ಲಿ. ಇದರ ಪ್ರಮಾಣ ಮತ್ತು ಉದ್ದವನ್ನು ಅಳೆಯುವ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಆರೋಗ್ಯವಂತರ ಪ್ಲಾಸ್ಮಾದಲ್ಲಿ ಸಿಎಫ್‌ಡಿಎನ್‌ಎ ಎಷ್ಟಿರುತ್ತದೆ? ಯಾವ ಪಾಠ ತೆರೆದರೂ 167 ಬೇಸ್ ಪೇರ್ ಎಂಬ ಒಂದೇ ಸಂಖ್ಯೆ ಏಕೆ ಎದುರಾಗುತ್ತದೆ?
— ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಸಾಮಾನ್ಯವಾಗಿ ಒಂದು ಮಿ.ಲೀ. ಪ್ಲಾಸ್ಮಾಗೆ 1ರಿಂದ 10 ನ್ಯಾನೋಗ್ರಾಂ. ಫ್ರಾನ್ಸಿನ ಮಾಂಡೆಲ್ ಮತ್ತು ಮೆಟೈ 1948ರಲ್ಲೇ ಇದು ರಕ್ತದಲ್ಲಿದೆ ಎಂದು ವರದಿ ಮಾಡಿದ್ದರು. ಡಿಎನ್‌ಎಯ ಸುರುಳಿ ರಚನೆ ಗೊತ್ತಾಗುವುದಕ್ಕೂ ಐದು ವರ್ಷ ಮೊದಲು. ಆಮೇಲೆ ದಶಕಗಳ ಕಾಲ ಅದನ್ನು ಹೆಚ್ಚಿನವರು ಗಮನಿಸಲಿಲ್ಲ.

ಇನ್ನು 167ರ ವಿಷಯ. ಕೋಶದೊಳಗೆ ಡಿಎನ್‌ಎ ಸುಮ್ಮನೆ ಹರಡಿಕೊಂಡಿರುವುದಿಲ್ಲ. ರಾಟೆಯ ಕದಿರಿಗೆ ನೂಲು ಸುತ್ತಿದಂತೆ ಹಿಸ್ಟೋನ್ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಒಂದು ಹಿಸ್ಟೋನ್ ಗುಂಪಿಗೆ ಸುತ್ತಿಕೊಂಡದ್ದು 147 ಬೇಸ್ ಪೇರ್, ಅದಕ್ಕೆ ಅಂಟಿಕೊಂಡ ಕೊಂಡಿಭಾಗ ಸುಮಾರು 20, ಕೂಡಿದರೆ 167. ಕೋಶ ಸಾಯುವಾಗ ಕಿಣ್ವಗಳು ಸುತ್ತುಗಳ ನಡುವೆ ಬಯಲಾಗಿರುವ ಜಾಗದಲ್ಲಿ ಕತ್ತರಿಸುತ್ತವೆ, ಸುತ್ತಿಕೊಂಡ ಭಾಗ ಉಳಿದುಕೊಳ್ಳುತ್ತದೆ. ಅಲ್ಲಲ್ಲಿ ಎರಡು ಸುತ್ತು ಜೊತೆಯಾಗಿ ಉಳಿಯುವುದರಿಂದ ಉದ್ದದ ಗ್ರಾಫಿನಲ್ಲಿ 330–340ರ ಹತ್ತಿರ ಇನ್ನೊಂದು ಸಣ್ಣ ಶಿಖರ, ಮೂರು ಉಳಿದರೆ 500ರ ಆಸುಪಾಸಿನಲ್ಲಿ ಮತ್ತೂ ಸಣ್ಣದೊಂದು. ಈ ಚೂರುಗಳು ರಕ್ತದಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ. ವರದಿಯಾದ ಅರ್ಧಾಯುಷ್ಯ ಸುಮಾರು 16 ನಿಮಿಷದಿಂದ ಎರಡೂವರೆ ಗಂಟೆ. ಹಾಗಾಗಿ ನೀವು ಅಳೆಯುತ್ತಿರುವುದು ರಕ್ತ ಎಳೆದ ಆ ಹೊತ್ತಿನ ಸ್ಥಿತಿಯನ್ನು ಮಾತ್ರ.

ಮೇ ತಿಂಗಳಲ್ಲಿ ಇಲ್ಲಿಂದ ಬೆಂಗಳೂರಿಗೆ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ) ಟ್ಯೂಬಿನಲ್ಲಿ ರಕ್ತ ಕಳಿಸಿದ್ದೆವು. ರಾತ್ರಿ ಬಸ್ಸಿನಲ್ಲಿ ಹೋಗಿ ಮರುದಿನ ಮಧ್ಯಾಹ್ನ ಪ್ಲಾಸ್ಮಾ ಬೇರ್ಪಡಿಸಿದರು. ಮಿ.ಲೀ.ಗೆ 85 ನ್ಯಾನೋಗ್ರಾಂ ಬಂತು, ಗ್ರಾಫಿನ ಬಲತುದಿಯಲ್ಲಿ ದೊಡ್ಡ ಗುಡ್ಡ. ರೋಗ ಉಲ್ಬಣಿಸಿದೆ ಎಂದು ತಿಳಿಯಬೇಕೇ?
— ಲ್ಯಾಬ್ ಟೆಕ್ನಿಷಿಯನ್, ಕಲಬುರಗಿ

ಈ ಮಾದರಿಯಿಂದ ಹಾಗೆ ತಿಳಿಯಲು ಬರುವುದಿಲ್ಲ. ಬಲತುದಿಯ ಗುಡ್ಡ ಸಾವಿರಾರು ಬೇಸ್ ಪೇರ್ ಉದ್ದದ ಡಿಎನ್‌ಎ. ಅದು ಬಹುಪಾಲು ಟ್ಯೂಬಿನೊಳಗೇ ಒಡೆದ ಬಿಳಿರಕ್ತಕಣಗಳದ್ದು.

ಲೆಕ್ಕ ಹಾಕಿ ನೋಡಿ, ಇದೆಷ್ಟು ಸುಲಭವಾಗಿ ಆಗುತ್ತದೆ ಎಂದು ಗೊತ್ತಾಗುತ್ತದೆ. ಒಂದು ಮಿ.ಲೀ. ರಕ್ತದಲ್ಲಿ ಸುಮಾರು 50 ಲಕ್ಷ ಬಿಳಿಕಣಗಳು, ಒಂದೊಂದರಲ್ಲೂ 6.6 ಪಿಕೋಗ್ರಾಂ ಡಿಎನ್‌ಎ. ಒಟ್ಟು 33,000 ನ್ಯಾನೋಗ್ರಾಂ. ಅದೇ ರಕ್ತದ ಪ್ಲಾಸ್ಮಾದಲ್ಲಿರುವ ಸಿಎಫ್‌ಡಿಎನ್‌ಎ ಬರೀ ಎರಡು ಮೂರು ನ್ಯಾನೋಗ್ರಾಂ. ಅಂದರೆ ಹತ್ತು ಸಾವಿರ ಬಿಳಿಕಣಗಳಲ್ಲಿ ಒಂದೇ ಒಂದು ಒಡೆದರೂ ನಿಮ್ಮ ಫಲಿತಾಂಶ ಇಮ್ಮಡಿಯಾಗುತ್ತದೆ. ಗೆಡ್ಡೆಯಿಂದ ಬಂದ ಡಿಎನ್‌ಎ ಇದ್ದಷ್ಟೇ ಇರುತ್ತದೆ, ಅದರ ಶೇಕಡಾವಾರು ಪಾಲು ಮಾತ್ರ ಕುಸಿಯುತ್ತದೆ. ಗೆಡ್ಡೆಯ ಡಿಎನ್‌ಎಯಲ್ಲಿ ಇದ್ದ ರೂಪಾಂತರ (ಮ್ಯುಟೇಶನ್) ಕಾಣದೇ ಹೋಗುವುದು ಹೀಗೆ.

ಇಡಿಟಿಎ ಟ್ಯೂಬಾದರೆ ರಕ್ತ ಎಳೆದ ಎರಡರಿಂದ ನಾಲ್ಕು ಗಂಟೆಯೊಳಗೆ ಪ್ಲಾಸ್ಮಾ ಬೇರೆ ಮಾಡಬೇಕು. ಅದನ್ನು ಕಲಬುರಗಿಯಲ್ಲೇ ಮಾಡಿ, ಡ್ರೈ ಐಸಿನಲ್ಲಿ ಪ್ಲಾಸ್ಮಾವನ್ನಷ್ಟೇ ಕಳಿಸುವುದು ಒಳ್ಳೆಯದು. ಸೆಂಟ್ರಿಫ್ಯೂಜಿನಲ್ಲಿ ಮೊದಲ ಸುತ್ತು 1,600 ಜಿ, 10 ನಿಮಿಷ, ಬ್ರೇಕ್ ಇಲ್ಲದೆ. ಮೇಲಿನ ಪ್ಲಾಸ್ಮಾ ತೆಗೆಯುವಾಗ ಬಿಳಿಕಣದ ಪದರದ ಮೇಲೆ ಅರ್ಧ ಸೆಂ.ಮೀ.ನಷ್ಟು ಬಿಟ್ಟುಬಿಡಿ. ಆ ಕೊನೆಯ ಅರ್ಧ ಮಿ.ಲೀ.ಗೆ ಆಸೆಪಟ್ಟವರೇ ಹೆಚ್ಚಾಗಿ ಕೆಡಿಸಿಕೊಳ್ಳುವುದು. ಎರಡನೇ ಸುತ್ತು ಹೊಸ ಟ್ಯೂಬಿನಲ್ಲಿ 16,000 ಜಿ, 10 ನಿಮಿಷ. ತಳದ ಚೂರು ಕದಡದಂತೆ ಮೇಲಿನದನ್ನು ಮಾತ್ರ ತೆಗೆದು ಮೈನಸ್ 80 ಡಿಗ್ರಿಯಲ್ಲಿಡಿ. ಎರಡನೇ ಸುತ್ತಿಗೆ ಮೊದಲು ಫ್ರೀಜ್ ಮಾಡಬೇಡಿ. ಉಳಿದಿದ್ದ ಕಣಗಳು ಹೆಪ್ಪುಗಟ್ಟಿ ಕರಗುವಾಗ ಒಡೆಯುತ್ತವೆ, ಆಮೇಲೆ ಎಷ್ಟು ತಿರುಗಿಸಿದರೂ ಆ ಡಿಎನ್‌ಎ ಹೊರಹೋಗದು.

ಜಿ ಎಂದರೆ ಗುರುತ್ವದ ಎಷ್ಟು ಪಟ್ಟು ಬಲ ಎಂದು, ನಿಮಿಷದ ಸುತ್ತು ಅಲ್ಲ ಎಂಬುದನ್ನು ಒತ್ತಿ ಹೇಳಬೇಕಾಗಿದೆ. ಸೆಂಟ್ರಿಫ್ಯೂಜಿನ ಮೇಲೆ 1,600 ಎಂದು ನಿಮಿಷದ ಸುತ್ತಿನ ಲೆಕ್ಕದಲ್ಲಿ ಇಟ್ಟರೆ, 16 ಸೆಂ.ಮೀ. ತ್ರಿಜ್ಯದ ರೋಟರಿನಲ್ಲಿ ನಿಮಗೆ ಸಿಗುವುದು ಸುಮಾರು 460 ಜಿ ಮಾತ್ರ. ಸೂತ್ರ ಸರಳ: ತ್ರಿಜ್ಯವನ್ನು ಸೆಂ.ಮೀ.ನಲ್ಲಿ ತೆಗೆದುಕೊಳ್ಳಿ, ನಿಮಿಷದ ಸುತ್ತನ್ನು ಸಾವಿರದಿಂದ ಭಾಗಿಸಿ ವರ್ಗ ಮಾಡಿ, ಎರಡನ್ನೂ ಗುಣಿಸಿ 11.18ರಿಂದ ಮತ್ತೆ ಗುಣಿಸಿ. ಅದೇ ರೋಟರಿನಲ್ಲಿ 1,600 ಜಿ ಬೇಕಾದರೆ ಸುಮಾರು 3,000 ಸುತ್ತು. ಎರಡನೆಯದಕ್ಕೆ ಮೇಜಿನ ಮೇಲಿನ ಚಿಕ್ಕ ಮೈಕ್ರೋಫ್ಯೂಜ್ ಸಾಕು. 8.4 ಸೆಂ.ಮೀ. ತ್ರಿಜ್ಯವಿದ್ದರೆ 13,000 ಸುತ್ತಿಗೇ 16,000 ಜಿ ಹತ್ತಿರ ಬರುತ್ತದೆ.

ಸೆಂಟ್ರಿಫ್ಯೂಜ್ ಇಲ್ಲದ ಊರಿಂದ ರಕ್ತವನ್ನೇ ಕಳಿಸಬೇಕಾದರೆ ಕಣಗಳನ್ನು ಸ್ಥಿರಗೊಳಿಸುವ ಸ್ಟ್ರೆಕ್‌ನಂಥ ಟ್ಯೂಬು ಬೇಕು. ತುಂಬಿದ ಕೂಡಲೇ ಮೆಲ್ಲಗೆ ಎಂಟು ಹತ್ತು ಬಾರಿ ತಲೆಕೆಳಗು ಮಾಡಿ. ತಯಾರಕರು ಹೇಳುವ ಮಿತಿ 6ರಿಂದ 37 ಡಿಗ್ರಿಯಲ್ಲಿ 14 ದಿನ. ನಿಮ್ಮಲ್ಲಿ ಏಪ್ರಿಲ್–ಮೇನಲ್ಲಿ ನೆರಳಿನಲ್ಲೇ 40 ದಾಟುತ್ತದೆ, ಬಸ್ಸಿನ ಡಿಕ್ಕಿಯೊಳಗಿನ ಮಾತು ಬೇರೆ ಹೇಳಬೇಕಿಲ್ಲ. ಥರ್ಮೋಕೋಲ್ ಪೆಟ್ಟಿಗೆ ಬೇಕೇ ಬೇಕು. ಆದರೆ ಐಸ್ ತಾಗಿಸಿ ಇಡುವುದೂ ತಪ್ಪು, 6 ಡಿಗ್ರಿಗಿಂತ ಕೆಳಗಿಳಿದರೆ ಅದೂ ಮಿತಿ ಮೀರಿದಂತೆಯೇ. ಜೆಲ್ ಪ್ಯಾಕನ್ನು ಫ್ರೀಜರಿನಿಂದಲ್ಲ, ಹವಾನಿಯಂತ್ರಿತ ಕೋಣೆಯಿಂದ ತೆಗೆದು ಇಡಿ.

ಸೀರಂ ಬಳಸಬಹುದೇ? ನಮ್ಮ ಫ್ರೀಜರಿನಲ್ಲಿ ಹಳೆಯ ಸೀರಂ ಬಹಳ ಇದೆ.
— ಸಂಶೋಧನಾ ವಿದ್ಯಾರ್ಥಿ, ಮೈಸೂರು

ಪ್ರಮಾಣ ಮತ್ತು ಉದ್ದ ಅಳೆಯಲು ಬೇಡ. ರಕ್ತ ಹೆಪ್ಪುಗಟ್ಟುವಾಗ ಬಿಳಿಕಣಗಳು ಒಡೆದು ಡಿಎನ್‌ಎ ಸುರಿಯುತ್ತವೆ. ಪ್ಲಾಸ್ಮಾಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬರುವುದು ಅದರಿಂದಲೇ. ಹೆಪಾರಿನ್ ಟ್ಯೂಬೂ ಬೇಡ, ಡಿಎನ್‌ಎಯ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಅನ್ನು ಹೆಪಾರಿನ್ ತಡೆಯುತ್ತದೆ.

ಕಾಲಂ ಕಿಟ್‌ನಿಂದ ತೆಗೆದ ಅದೇ ಮಾದರಿಗೆ ನ್ಯಾನೋಡ್ರಾಪ್ 12 ತೋರಿಸುತ್ತದೆ, ಕ್ಯೂಬಿಟ್ 0.4. ಎರಡೂ ಒಂದು ಮೈಕ್ರೋಲೀಟರಿಗೆ ನ್ಯಾನೋಗ್ರಾಂ ಲೆಕ್ಕ. ಯಾವುದನ್ನು ನಂಬಬೇಕು?
— ಪ್ರಯೋಗಾಲಯ ಸಹಾಯಕಿ, ಮಣಿಪಾಲ

ಕ್ಯೂಬಿಟ್. ಅದು ಡಿಎನ್‌ಎಗೆ ಅಂಟಿದ ಬಣ್ಣದ ಹೊಳಪನ್ನು ಅಳೆಯುತ್ತದೆ. ನ್ಯಾನೋಡ್ರಾಪ್ 260 ನ್ಯಾನೋಮೀಟರಿನ ಬೆಳಕನ್ನು ಹೀರುವ ಎಲ್ಲವನ್ನೂ ಡಿಎನ್‌ಎ ಎಂದೇ ಎಣಿಸುತ್ತದೆ. ನಿಮ್ಮ ಕಿಟ್‌ನಲ್ಲಿ ಕ್ಯಾರಿಯರ್ ಆರ್‌ಎನ್‌ಎ ಸೇರಿಸುತ್ತೀರಿ ಅಲ್ಲವೇ? ಅತ್ಯಲ್ಪ ಡಿಎನ್‌ಎ ಕಾಲಂಗೆ ಅಂಟಿಕೊಳ್ಳಲಿ ಎಂದು ಹಾಕುವ ಆ ಆರ್‌ಎನ್‌ಎ ಕೊನೆಗೆ ಡಿಎನ್‌ಎ ಜೊತೆಗೇ ಇಳಿದು ಬರುತ್ತದೆ. 12ರಲ್ಲಿ ಹೆಚ್ಚಿನದು ಅದೇ. ಅಲ್ಲದೆ 2 ನ್ಯಾನೋಗ್ರಾಂಗಿಂತ ಕೆಳಗೆ ಆ ಯಂತ್ರದ ಮಾತಿಗೆ ಬೆಲೆಯಿಲ್ಲ. ಸಿಎಫ್‌ಡಿಎನ್‌ಎ ಸಾಮಾನ್ಯವಾಗಿ ಅಲ್ಲೇ ಇರುವುದು.

ಕ್ಯೂಬಿಟ್‌ನಲ್ಲಿ ಜೋಡಿ ಎಳೆಯ ಡಿಎನ್‌ಎಗಾಗಿಯೇ ಇರುವ ಹೈ ಸೆನ್ಸಿಟಿವಿಟಿ ಕಿಟ್ ಬಳಸಿ. ಸ್ಟ್ಯಾಂಡರ್ಡ್ ಎರಡೂ 10 ಮೈಕ್ರೋಲೀಟರ್, ಬಣ್ಣದ ದ್ರಾವಣ 190. ಮಾದರಿಯನ್ನು ಒಂದೇ ಮೈಕ್ರೋಲೀಟರ್ ಹಾಕಬೇಡಿ, ಪಿಪೆಟ್ಟಿನ ದೋಷವೇ ಶೇ. 10 ದಾಟಬಹುದು. 2ರಿಂದ 5 ಹಾಕಿ, ಒಟ್ಟು 200 ಆಗುವಂತೆ ದ್ರಾವಣ ಸೇರಿಸಿ, ಗುಳ್ಳೆ ಏಳದಂತೆ ಕಲಕಿ, ಎರಡು ನಿಮಿಷ ಬಿಟ್ಟು ಓದಿ. ಟ್ಯೂಬನ್ನು ಅಂಗೈಯಲ್ಲಿ ಹಿಡಿದು ನಿಲ್ಲಬೇಡಿ, ಬಿಸಿಯಾದರೆ ಹೊಳಪು ತಗ್ಗುತ್ತದೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ದ್ರಾವಣ ಬಳಸಿದರೂ ಓದು ತಪ್ಪುತ್ತದೆ.

ಕ್ಯಾರಿಯರ್ ಆರ್‌ಎನ್‌ಎ ಬಹಳವಿದ್ದರೆ ಕ್ಯೂಬಿಟ್ಟಿನ ಸಂಖ್ಯೆಯನ್ನೂ ಸ್ವಲ್ಪ ಎತ್ತಬಲ್ಲದು. ಅದಕ್ಕೆ ಪ್ರತಿ ಬ್ಯಾಚಿನಲ್ಲೂ ಪ್ಲಾಸ್ಮಾ ಬದಲು ಉಪ್ಪಿನ ಬಫರ್ ಹಾಕಿ ಒಂದು ಖಾಲಿ ಮಾದರಿಯನ್ನು ಕೊನೆಯವರೆಗೆ ನಡೆಸಿ. ಅದು ತೋರಿಸಿದ್ದು ನಿಮ್ಮ ಹಿನ್ನೆಲೆ. ತೆಳುವಾದ ಡಿಎನ್‌ಎ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವುದರಿಂದ ಲೋ ಬೈಂಡ್ ಟ್ಯೂಬು ತರಿಸುವುದು ದುಂದಲ್ಲ.

ಹೊರಬಂದ ಸಂಖ್ಯೆಯನ್ನು ಪ್ಲಾಸ್ಮಾಗೆ ತಿರುಗಿಸಲು ಮರೆಯಬೇಡಿ. 4 ಮಿ.ಲೀ. ಪ್ಲಾಸ್ಮಾದಿಂದ ತೆಗೆದು 50 ಮೈಕ್ರೋಲೀಟರಿಗೆ ಇಳಿಸಿದ್ದರೆ, 0.4ನ್ನು 50ರಿಂದ ಗುಣಿಸಿ 20 ನ್ಯಾನೋಗ್ರಾಂ, ನಾಲ್ಕರಿಂದ ಭಾಗಿಸಿ ಮಿ.ಲೀ.ಗೆ 5. ರಿಪೋರ್ಟಿನಲ್ಲಿ ಬರೆಯಬೇಕಾದ್ದು ಈ 5.

ಕ್ಯೂಬಿಟ್ 0.4 ನ್ಯಾನೋಗ್ರಾಂ ಎಂದ ಮಾದರಿಗೆ ಡಿಜಿಟಲ್ ಪಿಸಿಆರ್ ಮಾಡಿದೆವು. 80 ಬೇಸ್ ಪೇರ್ ಉದ್ದದ ಗುರಿ (ಪ್ರತಿ ಮಾಡಬೇಕಾದ ಭಾಗ). 20 ಮೈಕ್ರೋಲೀಟರ್ ಮಿಶ್ರಣಕ್ಕೆ 5 ಮೈಕ್ರೋಲೀಟರ್ ಮಾದರಿ. ಯಂತ್ರ ಮೈಕ್ರೋಲೀಟರಿಗೆ 15.5 ಪ್ರತಿ ಎಂದಿತು. ಲೆಕ್ಕದ ಪ್ರಕಾರ 121 ಬರಬೇಕಿತ್ತು. ನೂರಕ್ಕೆ ಎಂಬತ್ತೇಳು ಪಾಲು ಎಲ್ಲಿ ಹೋಯಿತು?
— ಸಂಶೋಧಕ, ಬೆಂಗಳೂರು

ಎಲ್ಲಿಗೂ ಹೋಗಿಲ್ಲ. ಮೊದಲು, 15.5 ಎಂಬುದು ಮಿಶ್ರಣದ ಸಾಂದ್ರತೆ. 5 ಮೈಕ್ರೋಲೀಟರ್ 20 ಆಗಿದೆಯಲ್ಲ, ನಾಲ್ಕರಿಂದ ಗುಣಿಸಿ: ಮೂಲ ಮಾದರಿಯಲ್ಲಿ 62. ನಿಮ್ಮ 121 ಸರಿಯಾಗಿಯೇ ಇದೆ, ಮನುಷ್ಯನ ಒಂದು ಪ್ರತಿ ಜೀನೋಮ್ 3.3 ಪಿಕೋಗ್ರಾಂ ತೂಗುವುದರಿಂದ.

ಉಳಿದ ಅರ್ಧ? ಅಲ್ಲೇ ಉದ್ದದ ಪ್ರಶ್ನೆ ಬರುವುದು. ಕ್ಯೂಬಿಟ್ ತೂಕ ಹೇಳುತ್ತದೆ, ಪಿಸಿಆರ್ ತುಂಡು ಎಣಿಸುತ್ತದೆ, ಅದೂ ಗುರಿಯ ಎರಡು ತುದಿಗಳೂ ಒಂದೇ ತುಂಡಿನಲ್ಲಿದ್ದರೆ ಮಾತ್ರ. 167ರ ತುಂಡಿನಲ್ಲಿ 80ರ ಗುರಿ ಪೂರ್ತಿ ಕೂರಬೇಕಾದರೆ ತುಂಡಿನ ಕೊಯ್ತ ಆ 80ರೊಳಗೆ ಬೀಳಬಾರದು. ಕೊಯ್ತ ಎಲ್ಲಿ ಬೇಕಾದರೂ ಬೀಳಬಹುದು ಎಂದುಕೊಂಡರೆ, ಉಳಿಯುವ ಪಾಲು 167ರಲ್ಲಿ 80 ಕಳೆದು ಒಂದು ಕೂಡಿಸಿ 167ರಿಂದ ಭಾಗಿಸಿದ್ದು: ಶೇ. 53. 121ರ ಶೇ. 53 ಅಂದರೆ 64. ನಿಮಗೆ 62 ಬಂದಿದೆ, ಬೆನ್ನು ತಟ್ಟಿಕೊಳ್ಳಿ.

ಇದೇ ಸೂತ್ರದಲ್ಲಿ ಗುರಿ 60 ಇದ್ದರೆ ಶೇ. 65 ಸಿಗುತ್ತದೆ, 115ಕ್ಕೆ ಶೇ. 32, 150ಕ್ಕೆ ಶೇ. 11 ಮಾತ್ರ. ಅಂಗಾಂಶದ ಡಿಎನ್‌ಎಗೆಂದು ಮಾಡಿಟ್ಟ 150ರ ಗುರಿಯ ಪ್ರೈಮರನ್ನು (ಗುರಿಯ ತುದಿಗಳನ್ನು ಹಿಡಿಯುವ ಚಿಕ್ಕ ಡಿಎನ್‌ಎ) ಪ್ಲಾಸ್ಮಾಕ್ಕೆ ಬಳಸಿ, ಡಿಎನ್‌ಎಯೇ ಇಲ್ಲ ಎಂದು ಮಾದರಿ ಎಸೆದವರು ಕಡಿಮೆಯೇನಲ್ಲ. ಗೊತ್ತಿರುವ ಡಿಎನ್‌ಎಗೆ ಹೋಲಿಸಿ ಪ್ರಮಾಣ ಹೇಳುವ ಸಾಧಾರಣ ಕ್ಯೂಪಿಸಿಆರ್‌ನಲ್ಲಿ ತೊಂದರೆ ಇನ್ನೂ ಮರೆಯಾಗಿರುತ್ತದೆ: ಸ್ಟ್ಯಾಂಡರ್ಡ್ ಕರ್ವ್ ಉದ್ದನೆಯ ಜೀನೋಮಿಕ್ ಡಿಎನ್‌ಎಯಿಂದ ಮಾಡಿದ್ದು, ಅದು ಪೂರ್ತಿ ವರ್ಧಿಸುತ್ತದೆ, ಮಾದರಿ ಮಾತ್ರ ಅರ್ಧ.

ಈಗ ತಿರುವಿ ನೋಡಿ. 80ರ ಗುರಿಗೆ ಡಿಜಿಟಲ್ ಪಿಸಿಆರ್ ನಿಮಗೆ 120 ಕೊಟ್ಟಿದ್ದರೆ, ಕ್ಯೂಬಿಟ್ ಜೊತೆ ಚೆನ್ನಾಗಿ ಹೊಂದಿತೆಂದು ನೀವು ಖುಷಿಪಡುತ್ತಿದ್ದಿರಿ. ನಾವಾದರೆ ಅನುಮಾನ ಪಡುತ್ತಿದ್ದೆವು. ಪೂರ್ತಿ ಹೊಂದಿದರೆ ತುಂಡುಗಳು ಉದ್ದವಾಗಿವೆ, ಅಂದರೆ ಬಿಳಿಕಣದ ಡಿಎನ್‌ಎ ಬೆರೆತಿದೆ ಎಂದೇ ಅರ್ಥ.

ಲೆಕ್ಕಕ್ಕಿಂತ ಬಹಳ ಕಡಿಮೆ ಬಂದರೆ ತಡೆಯುವ ವಸ್ತುವಿರಬಹುದು, ಮುಖ್ಯವಾಗಿ ಒಡೆದ ಕೆಂಪುಕಣದ ಹೀಮ್. ಮಾದರಿಯನ್ನು ನಾಲ್ಕು ಪಟ್ಟು ತೆಳುಮಾಡಿ ಮತ್ತೆ ಓಡಿಸಿ. ಸಂಖ್ಯೆ ನಾಲ್ಕನೇ ಒಂದಕ್ಕೆ ಇಳಿಯದೆ ಅದಕ್ಕಿಂತ ಮೇಲೇ ನಿಂತರೆ ತಡೆ ಇತ್ತೆಂದು ಖಚಿತ. ಡಿಎನ್‌ಎ ಹೊರತೆಗೆಯುವಾಗಲೇ ಕಳೆದುಹೋಗಿದೆಯೇ ಎಂದು ತಿಳಿಯಲು ಮನುಷ್ಯನದ್ದಲ್ಲದ, 170–180 ಬೇಸ್ ಪೇರಿನ ಕೃತಕ ಡಿಎನ್‌ಎಯನ್ನು ಎಣಿಸಿ ಹಾಕಬಹುದು. ಹಾಕುವುದು ಲೈಸಿಸ್ ಬಫರ್ ಸೇರಿದ ಮೇಲೆ. ಬರೀ ಪ್ಲಾಸ್ಮಾಗೆ ಸುರಿದರೆ ಅಲ್ಲಿನ ಕಿಣ್ವಗಳು ಅದನ್ನು ಅಲ್ಲೇ ತಿಂದುಹಾಕುತ್ತವೆ.

ಉದ್ದ ನೋಡಲು ಬಯೋಅನಲೈಸರ್ ಒಳ್ಳೆಯದೋ ಟೇಪ್‌ಸ್ಟೇಷನ್ನೋ? ಎರಡೂ ಇಲ್ಲದಿದ್ದರೆ?
— ಪ್ರಾಧ್ಯಾಪಕಿ, ದಾವಣಗೆರೆ

ಬಯೋಅನಲೈಸರಿನ ಹೈ ಸೆನ್ಸಿಟಿವಿಟಿ ಚಿಪ್ 50ರಿಂದ 7,000 ಬೇಸ್ ಪೇರ್‌ವರೆಗೆ ನೋಡುತ್ತದೆ, 11 ಮಾದರಿ, ತಲಾ ಒಂದು ಮೈಕ್ರೋಲೀಟರ್. ಪ್ರಮಾಣವನ್ನು ನಂಬಬಹುದಾದ ವ್ಯಾಪ್ತಿ ಮೈಕ್ರೋಲೀಟರಿಗೆ 5ರಿಂದ 500 ಪಿಕೋಗ್ರಾಂ. ಅದರಿಂದಾಚೆ ಇದ್ದರೆ ಮೊದಲು ತೆಳುಮಾಡಬೇಕು. ಅರ್ಧ ಗಂಟೆ ಕೋಣೆಯ ಬಿಸಿಗೆ ಬಂದ ಜೆಲ್, ಬಾವಿಯೊಳಗೆ ಗುಳ್ಳೆ ಇಲ್ಲದಿರುವುದು, ತುಂಬಿದ ಐದು ನಿಮಿಷದೊಳಗೆ ಓಡಿಸುವುದು, ಈ ಮೂರರಲ್ಲಿ ಒಂದು ತಪ್ಪಿದರೂ ಚಿಪ್ ಹಾಳು. ಅದರ ಮೇಲ್ತುದಿಯ ಮಾರ್ಕರ್ (ಉದ್ದ ಗೊತ್ತಿರುವ ಗುರುತಿನ ಡಿಎನ್‌ಎ) 10,380 ಬೇಸ್ ಪೇರಿನದ್ದು. ಜೀನೋಮಿಕ್ ಡಿಎನ್‌ಎ ಬಹಳವಿದ್ದರೆ ಅದರ ಮೇಲೆ ಹತ್ತಿ ಕುಳಿತು ಇಡೀ ಲೆಕ್ಕವನ್ನು ಅಡ್ಡದಾರಿಗೆಳೆಯುತ್ತದೆ. ಆಗ ಸಾಫ್ಟ್‌ವೇರ್ ಯಾವುದನ್ನು ಮಾರ್ಕರ್ ಎಂದು ಹಿಡಿದಿದೆ ಎಂದು ಕಣ್ಣಾರೆ ನೋಡಿ, ಬೇಕಿದ್ದರೆ ಕೈಯಿಂದ ಸರಿಪಡಿಸಿ.

ಟೇಪ್‌ಸ್ಟೇಷನ್ನಿನಲ್ಲಿ ಸಿಎಫ್‌ಡಿಎನ್‌ಎಗೆಂದೇ ಇರುವ ಸ್ಕ್ರೀನ್‌ಟೇಪ್ 50ರಿಂದ 800ರವರೆಗೆ ನೋಡಿ, 50ರಿಂದ 700ರೊಳಗಿನ ಪಾಲನ್ನು ಶೇಕಡಾವಾರಾಗಿ ಕೊಡುತ್ತದೆ. ದಿನಕ್ಕೆ ಒಂದೆರಡು ಮಾದರಿಯಷ್ಟೇ ಇದ್ದರೆ ಇದೇ ಅಗ್ಗ, ಚಿಪ್‌ನಂತೆ ಉಳಿದ ಬಾವಿಗಳು ವ್ಯರ್ಥವಾಗುವುದಿಲ್ಲ. 1,000ಕ್ಕೆ ನಿಲ್ಲುವ ಬೇರೆ ಟೇಪುಗಳಲ್ಲಿ ಎಚ್ಚರ. ದೊಡ್ಡ ಡಿಎನ್‌ಎ ಅದರಲ್ಲಿ ಸರಿಯಾಗಿ ಕಾಣುವುದಿಲ್ಲ, ಕೊಳಕು ಮಾದರಿಯೂ ಸ್ವಚ್ಛವಾಗಿ ತೋರುತ್ತದೆ.

ಶಿಖರ 167ರ ಬದಲು 172 ಅಥವಾ 176 ಎಂದು ಬಂದರೆ ಕಂಗಾಲಾಗಬೇಡಿ. ಈ ಯಂತ್ರಗಳ ಅಳತೆ ಶೇ. 10ರಷ್ಟು ಆಚೀಚೆ ಆಗುತ್ತದೆ. 167 ಎಂದು ಕರಾರುವಾಕ್ಕಾಗಿ ಹೇಳುವುದು ಎರಡೂ ತುದಿ ಓದುವ ಸೀಕ್ವೆನ್ಸಿಂಗ್ ಮಾತ್ರ. 150ಕ್ಕಿಂತ ಕೆಳಗೆ ಹತ್ತು ಹತ್ತು ಬೇಸ್ ಪೇರಿಗೊಂದು ಪುಟ್ಟ ಹಲ್ಲು ಮೂಡುವುದೂ ಅದರಲ್ಲೇ.

ಎರಡೂ ಇಲ್ಲದವರಿಗೆ ಹಳೆಯ ದಾರಿಯೊಂದಿದೆ: ಜೀನೋಮಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕಡೆ ಮರುಕಳಿಸುವ ಆಲು ಸರಣಿಯ ಮೇಲೆ 115 ಮತ್ತು 247 ಬೇಸ್ ಪೇರಿನ ಎರಡು ಕ್ಯೂಪಿಸಿಆರ್. ಸಣ್ಣ ಗುರಿ ಎಲ್ಲ ತುಂಡುಗಳಿಂದಲೂ ಬರಬಹುದು, 247 ಮಾತ್ರ 167ರ ತುಂಡಿನಿಂದ ಬರಲು ಸಾಧ್ಯವೇ ಇಲ್ಲ. ಎರಡರ ಅನುಪಾತ ಒಂದಕ್ಕೆ ಹತ್ತಿರವಾದಷ್ಟೂ ಉದ್ದನೆಯ ಡಿಎನ್‌ಎ ಹೆಚ್ಚು. ಆಲು ಎಷ್ಟು ಸೂಕ್ಷ್ಮವೆಂದರೆ ನೀರಿನ ಬಾವಿಯಲ್ಲೂ ಸಂಕೇತ ಬರುತ್ತದೆ, ಕೆಲಸ ಮಾಡುವವರ ಚರ್ಮದ ಧೂಳೇ ಸಾಕು. ನೀರಿಗೂ ಮಾದರಿಗೂ ಕನಿಷ್ಠ ಐದಾರು ಸೈಕಲ್ ಅಂತರ ಇರಲಿ. ಈ ಅನುಪಾತವನ್ನು ಕ್ಯಾನ್ಸರಿನ ಗುರುತು ಎಂದು 2000ರ ದಶಕದಲ್ಲಿ ಬಹಳ ಬರೆದರು: ಕ್ಯಾನ್ಸರಿನಲ್ಲಿ ತುಂಡು ಉದ್ದ ಎಂದು. ಆಮೇಲೆ ಸೀಕ್ವೆನ್ಸಿಂಗ್ ಬಂದು ಗೆಡ್ಡೆಯ ತುಂಡುಗಳು ಇನ್ನೂ ಗಿಡ್ಡ, 90–150ರಲ್ಲಿ ಹೆಚ್ಚು ಎಂದು ತೋರಿಸಿತು. ಮಾದರಿಯ ಗುಣ ನೋಡಲು ಅನುಪಾತ ಬಳಸಿ, ರೋಗ ಹೇಳಲು ಬೇಡ ಎಂಬುದು ನಮ್ಮ ಅಭಿಪ್ರಾಯ.

ಹನ್ನೊಂದನೇ ವಾರದಲ್ಲಿ ರಕ್ತ ಕೊಟ್ಟಿದ್ದೆ. ‘ಭ್ರೂಣದ ಪಾಲು ಶೇ. 3, ಫಲಿತಾಂಶ ಕೊಡಲಾಗದು’ ಎಂದು ರಿಪೋರ್ಟ್ ಬಂದಿದೆ. ಮಗುವಿಗೆ ತೊಂದರೆಯೇ?
— ಓದುಗರು, ಶಿವಮೊಗ್ಗ

ಅದು ತೊಂದರೆ ಇದೆ ಎಂಬ ಫಲಿತಾಂಶವಲ್ಲ, ಫಲಿತಾಂಶ ಸಿಗಲಿಲ್ಲ ಎಂದಷ್ಟೇ. ತಾಯಿಯ ಪ್ಲಾಸ್ಮಾದಲ್ಲಿ ಭ್ರೂಣದ್ದೆನ್ನುವ ಡಿಎನ್‌ಎ ನಿಜಕ್ಕೂ ಬರುವುದು ಮಾಸಿನಿಂದ. ಅಂಥ ಡಿಎನ್‌ಎ ತಾಯಿಯ ಪ್ಲಾಸ್ಮಾದಲ್ಲಿದೆ ಎಂದು ಹಾಂಗ್‌ಕಾಂಗಿನ ಡೆನಿಸ್ ಲೋ ಮತ್ತು ಸಂಗಡಿಗರು 1997ರಲ್ಲಿ ತೋರಿಸಿದ್ದರು. ಹೆಚ್ಚಿನ ಪ್ರಯೋಗಾಲಯಗಳಿಗೆ ಕನಿಷ್ಠ ಶೇ. 4ರಷ್ಟು ಪಾಲು ಬೇಕು. ವಾರ ಕಡಿಮೆಯಾಗಿದ್ದರೆ, ತಾಯಿಯ ತೂಕ ಹೆಚ್ಚಿದ್ದರೆ ಪಾಲು ಇಳಿಯುತ್ತದೆ. ಆದರೂ ಸುಮ್ಮನೆ ಬಿಡಬೇಡಿ. ಪಾಲು ಕಡಿಮೆ ಇರುವವರಲ್ಲಿ ಕೆಲವು ವರ್ಣತಂತು ದೋಷಗಳ ಸಂಭವ ತುಸು ಹೆಚ್ಚು, ಹಾಗಾಗಿ ಮರುಪರೀಕ್ಷೆಯೋ ಸ್ಕ್ಯಾನೋ ಬೇರೆ ಪರೀಕ್ಷೆಯೋ ಎಂದು ನಿಮ್ಮ ವೈದ್ಯರನ್ನು ಕೇಳಿ. ಮಾಸಿನ ತುಂಡುಗಳು ತಾಯಿಯದಕ್ಕಿಂತ ಗಿಡ್ಡ, 143ರ ಸುತ್ತ ಹೆಚ್ಚು. ಗಿಡ್ಡ ತುಂಡುಗಳನ್ನಷ್ಟೇ ಆರಿಸಿ ಓದಿದರೆ ಭ್ರೂಣದ ಪಾಲು ಏರುತ್ತದೆ. ಮಗು ಗಂಡೋ ಹೆಣ್ಣೋ ಎಂಬುದನ್ನು ಇದೇ ಪರೀಕ್ಷೆ ಹೇಳಬಲ್ಲದಾದರೂ ನಮ್ಮ ದೇಶದಲ್ಲಿ ಕಾನೂನು ಅದನ್ನು ತಿಳಿಸಲು ಬಿಡುವುದಿಲ್ಲ.

ಒಂದೇ ರೋಗಿಯ ಎರಡು ಅಳತೆ: ಮಿ.ಲೀ.ಗೆ ಕಳೆದ ತಿಂಗಳು 6 ನ್ಯಾನೋಗ್ರಾಂ, ಈಗ 14. ಏನೆಂದು ಬರೆಯಲಿ?
— ಪೆಥಾಲಜಿ ಪಿಜಿ ವಿದ್ಯಾರ್ಥಿ, ಹುಬ್ಬಳ್ಳಿ

ಮೊದಲು ಎರಡೂ ಗ್ರಾಫುಗಳನ್ನು ಒಂದರ ಮೇಲೊಂದು ಇಟ್ಟು ನೋಡಿ. 14ರಲ್ಲಿ ಉದ್ದನೆಯ ಡಿಎನ್‌ಎ ಎದ್ದಿದ್ದರೆ ಮಾದರಿಯ ದೋಷ. 167ರ ಶಿಖರವೇ ಎತ್ತರವಾಗಿದ್ದರೆ ಮುಂದಿನ ಪ್ರಶ್ನೆ ಕೇಳಬಹುದು: ಇತ್ತೀಚೆಗೆ ಶಸ್ತ್ರಚಿಕಿತ್ಸೆ, ಪೆಟ್ಟು, ಸೋಂಕು, ಕಠಿಣ ವ್ಯಾಯಾಮ? ಇವೆಲ್ಲ ಪ್ರಮಾಣವನ್ನು ಹಲವು ಪಟ್ಟು ಏರಿಸುತ್ತವೆ.

ಶೇ. 0.1ರಷ್ಟಿರುವ ರೂಪಾಂತರ ಹಿಡಿಯಲು ಎಷ್ಟು ರಕ್ತ ಬೇಕು?
— ಆಂಕಾಲಜಿ ವಿಭಾಗದ ವೈದ್ಯರು, ಮಂಗಳೂರು

10 ಮಿ.ಲೀ. ಟ್ಯೂಬಿನಿಂದ ಸುಮಾರು 4 ಮಿ.ಲೀ. ಪ್ಲಾಸ್ಮಾ, ಮಿ.ಲೀ.ಗೆ 5ರಂತೆ 20 ನ್ಯಾನೋಗ್ರಾಂ, ಅಂದರೆ ಜೀನೋಮಿನ 6,000 ಪ್ರತಿ. ಅದರಲ್ಲಿ ಶೇ. 0.1 ಎಂದರೆ ಆರು ತುಂಡು. ಇಡೀ ಮಾದರಿ ಪರೀಕ್ಷೆಗೆ ಹೋದರೆ ಆರೂ ತಪ್ಪಿಹೋಗುವ ಸಂಭವ ಶೇ. 1ಕ್ಕೂ ಕಡಿಮೆ. ಆದರೆ 5 ನ್ಯಾನೋಗ್ರಾಂ ಮಾತ್ರ ಹಾಕಿ ಉಳಿದದ್ದನ್ನು ಇಟ್ಟುಕೊಂಡರೆ ಸಿಗುವುದು ಸರಾಸರಿ ಒಂದೂವರೆ ತುಂಡು, ಒಂದೂ ಇಲ್ಲದಿರುವ ಸಂಭವ ಶೇ. 22. ಸೀಕ್ವೆನ್ಸಿಂಗಿಗೆ ತುಂಡುಗಳನ್ನು ಸಿದ್ಧಪಡಿಸುವಾಗ (ಲೈಬ್ರರಿ ಮಾಡುವಾಗ) ಅರ್ಧ ತುಂಡುಗಳು ಕಳೆದುಹೋದರೆ, ಪೂರ್ತಿ 20 ನ್ಯಾನೋಗ್ರಾಂ ಹಾಕಿದರೂ ಆರು ಮೂರಾಗುತ್ತದೆ, ತಪ್ಪುವ ಸಂಭವ ಶೇ. 5ಕ್ಕೇರುತ್ತದೆ. ಈ ಲೆಕ್ಕದಲ್ಲಿ 20 ನ್ಯಾನೋಗ್ರಾಂ ಎಲ್ಲವೂ 167ರ ಸುತ್ತಲಿನದು ಎಂದು ನಂಬಿದ್ದೇವೆ. ಅದರಲ್ಲಿ ಅರ್ಧ ಬಿಳಿಕಣದ್ದಾಗಿದ್ದರೆ ನಿಜವಾದ ಸರಕು 10.

ಶೇ. 0.1ಕ್ಕೆ ಎರಡು ಟ್ಯೂಬು ಎಳೆಯಿರಿ. ಶೇ. 0.01 ಹಿಡಿಯುತ್ತೇವೆ ಎನ್ನುವ ಜಾಹೀರಾತು ಕಂಡರೆ ಎಷ್ಟು ಪ್ಲಾಸ್ಮಾ ಬೇಕು, ಎಷ್ಟು ಜಾಗಗಳನ್ನು ಒಟ್ಟಿಗೆ ನೋಡುತ್ತಾರೆ ಎಂದು ಕೇಳಿ. ಒಂದು ಟ್ಯೂಬು, ಒಂದೇ ರೂಪಾಂತರವಾದರೆ ಇರುವುದೇ 0.6 ತುಂಡು: ನೂರರಲ್ಲಿ ಐವತ್ತೈದು ಬಾರಿ ಆ ಟ್ಯೂಬಿನಲ್ಲಿ ಹುಡುಕಲು ಏನೂ ಇರುವುದಿಲ್ಲ.